ನಾಯಿ ಸಾಲ್ಮನ್ ಮತ್ತು ತಿಪ್ಪೆಯ ಹೆಸರು

ಗುರುವಾರ, ತಾರೀಖು ಹದಿನೇಳು, ಬೆಳಗಿನ ಐದೂವರೆ. ಅಫಜಲಪುರದ ಮನೆಯಲ್ಲಿದ್ದವರು ಮೂವರು: ನಾನು, ನನ್ನ ಅವ್ವ, ನನ್ನ ತಮ್ಮನ ಹೆಂಡತಿ. ತಮ್ಮನನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು.

ಎದ್ದೆ. ಹಾಸಿಗೆ ಮಡಿಸಿದೆ. ಅಂಗಳಕ್ಕೆ ನೀರು ಹೊಡೆದೆ. ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಇಷ್ಟಲಿಂಗ ಪೂಜೆಗೆ ಕುಳಿತೆ. ಆರೂ ಕಾಲಿಗೆ ಅವ್ವನನ್ನು ಎಬ್ಬಿಸಿ, ಮುಖ ತೊಳೆಸಿ, ಕಣ್ಣಿಗೆ ಔಷಧದ ಹನಿ ಹಾಕಿದೆ. ನಾನು ಹನ್ನೊಂದನೆಯ ವಯಸ್ಸಿಗೆ ಹೆಣ್ಣುಮಕ್ಕಳ ಹಾಸ್ಟೆಲ್ ಸೇರಿದವಳು. ಅಲ್ಲಿ ನಾಲ್ಕೂವರೆಗೆ ಗಂಟೆ ಹೊಡೆಯುತ್ತಿತ್ತು. ಐದಕ್ಕೆ ಹಾಸಿಗೆಯ ಮೇಲೆ ಯಾರಾದರೂ ಕಂಡರೆ ಆ ದಿನ ಚಹಾ ಇಲ್ಲ. ಆಮೇಲೆ ಸರಕಾರಿ ಶಾಲೆಯಲ್ಲಿ ಮಾಸ್ತರಿಕೆ, ಕೊನೆಗೆ ಮುಖ್ಯೋಪಾಧ್ಯಾಯಿನಿ. ಈಗ ಎಪ್ಪತ್ತೆರಡು. ಗಂಟೆ ಹೊಡೆಯುವವರಿಲ್ಲದಿದ್ದರೂ ಕೈಕಾಲು ಅದೇ ಹೊತ್ತಿಗೆ ಏಳುತ್ತವೆ. ಈ ಒಂಬತ್ತು ದಿನ ಮನೆ ನಡೆದದ್ದು ಆ ಅಭ್ಯಾಸದ ಮೇಲೆ. ನನಗೆ ಅಳು ಬರಲಿಲ್ಲ. ಬರುತ್ತದೆಂದು ಕಾಯಲೂ ಇಲ್ಲ.

ತಮ್ಮ ಹೋದದ್ದು ಸೋಮವಾರ ಸಂಜೆ ಐದಕ್ಕೆ, ಹೊರಗಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕುಳಿತಿದ್ದಾಗ. ಕಪ್ಪಿನಲ್ಲಿ ಅರ್ಧ ಉಳಿದಿತ್ತು. ಡಾಕ್ಟರು ಬಂದು ನೋಡಿ ಹೋದ ಮೇಲೆ ನಾನು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ಹದಿನಾಲ್ಕು ಕೆಲಸಗಳ ಪಟ್ಟಿ ಮಾಡಿದೆ. ಮೊದಲನೆಯದು ಅವನ ಮಗಳಿಗೆ ಫೋನು. ಅವಳನ್ನು ಜೇವರ್ಗಿಗೆ ಕೊಟ್ಟಿದೆ. ಎರಡನೆಯದು ಮಠಕ್ಕೆ ಹೇಳಿಕಳಿಸುವುದು. ಮೂರನೆಯದು ಪತ್ರಿಕೆಗೆ ನಿಧನ ವಾರ್ತೆ. ಅದನ್ನು ನಾನೇ ಬರೆದು ಫೋನಿನಲ್ಲಿ ಓದಿ ಹೇಳಿದೆ: ಹೆಸರು, ವಯಸ್ಸು, ಮೀನುಗಾರಿಕೆ ಇಲಾಖೆಯ ನಿವೃತ್ತ ನೌಕರ, ಮಣ್ಣು ಮಂಗಳವಾರ ಮಧ್ಯಾಹ್ನ ಮೂರಕ್ಕೆ. ನಾಲ್ಕು ಸಾಲು. ಫೋಟೊ ಕೊಡಲಿಲ್ಲ. ಮಂಗಳವಾರ ಬೆಳಿಗ್ಗೆ ತಪ್ಪಿಲ್ಲದೆ ಬಂದಿತ್ತು.

ಮಂಗಳವಾರ ಬಹಳ ಜನ ಬಂದಿದ್ದರು. ಅವ್ವ ಗೋಡೆಗೆ ಒರಗಿ ಕುಳಿತು ಒಬ್ಬೊಬ್ಬರ ದನಿ ಕೇಳುತ್ತಿದ್ದಳು. ಅವಳಿಗೆ ತೊಂಬತ್ತರ ಹತ್ತಿರ. ಕಣ್ಣು ಮಬ್ಬು, ಕಿವಿ ಚುರುಕು. ಎರಡು ಸಲ ನನ್ನನ್ನು ಕರೆದು ಕೇಳಿದಳು.

"ಹೊಳಿ ಮಂದಿ ಬಂದಾರೇನ ಬೇ?"

"ಇನ್ನಾ ಬಂದಿಲ್ಲವ್ವಾ."

ಅವಳು ಕೇಳಿದ್ದು ಭೀಮಾ ದಂಡೆಯ ಮೀನುಗಾರರನ್ನು, ತಮ್ಮನ ಗೆಳೆಯರನ್ನು. ಅವರು ಬರಲೇ ಇಲ್ಲ. ಅವನನ್ನು ಕುಳ್ಳಿರಿಸಿ ಮಣ್ಣು ಮುಚ್ಚಿ ಎಲ್ಲರೂ ತಿರುಗಿ ಬಂದ ಮೇಲೆ ಅವ್ವ ಇನ್ನೊಂದು ಮಾತು ಕೇಳಿದಳು.

"ಯಾವ ಹೆಸರ್ಲೆ ಹ್ವಾದ ಅಂವಾ?"

ನಾನು ಎದ್ದು ಬಂದವರಿಗೆ ನೀರು ಕೊಡಲು ಹೋದೆ. ಆಮೇಲೆ ಅವಳು ನನ್ನ ಕೂಡ ಮಾತಾಡಲಿಲ್ಲ. ಎರಡು ಹೊತ್ತು ಗಂಜಿ ಕುಡಿದಳು, ಅಷ್ಟೇ.

ಆ ಪ್ರಶ್ನೆ ನನಗೆ ಸೇರಿದ್ದು ಏಕೆ ಎಂದು ಇಲ್ಲಿ ಹೇಳಬೇಕು. ನಾನು ಹುಟ್ಟಿದ್ದು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ. ನನ್ನ ಹಿಂದೆ ಹುಟ್ಟಿದ ಎರಡು ಗಂಡು ಕೂಸುಗಳು ವರ್ಷ ತುಂಬುವುದರೊಳಗೆ ಹೋದವು. ಮೂರನೆಯದು ಹುಟ್ಟಿದಾಗ ನನಗೆ ಒಂಬತ್ತು. ಐದನೆಯ ದಿನ ಅವ್ವ ಕೂಸನ್ನು ಮೊರದಲ್ಲಿ ಹಾಕಿಕೊಂಡು ಹೋಗಿ ಊರ ತಿಪ್ಪೆಯ ಮೇಲೆ ಇಟ್ಟು, ಹಿಂದೆ ನೋಡದೆ ಬಂದಳು. ಓಣಿಯ ಒಬ್ಬ ಮುದುಕಿ ಅದನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದು, "ತಿಪ್ಪ್ಯಾಗ ಬಿದ್ದಿತ್ತು, ಬೇಕೇನ್ ನಿಮಗ?" ಎಂದು ಕೇಳಿದಳು. ಅವ್ವ ಒಂದು ಹಿಡಿ ಜೋಳದ ನುಚ್ಚು ಕೊಟ್ಟು ಕೂಸನ್ನು ತೆಗೆದುಕೊಂಡಳು. ನಮ್ಮ ಕಡೆ ಹೀಗೆ ಮಾಡುತ್ತಾರೆ. ಕಸವೆಂದು ಬಿಸಾಡಿದ್ದನ್ನು ಸಾವು ಮುಟ್ಟುವುದಿಲ್ಲ ಎಂಬ ನಂಬಿಕೆ. ಆಮೇಲೆ ಕೂಸಿಗೆ ತಿಪ್ಪೆಯ ಹೆಸರನ್ನೇ ಇಡುತ್ತಾರೆ. ತಮ್ಮನಿಗೂ ಇಟ್ಟರು. ಅವನು ಉಳಿದ.

ಅವನಿಗೆ ಆರು ತುಂಬಿದ ವರ್ಷ ನಾನು ಹಾಸ್ಟೆಲಿನಿಂದ ರಜೆಗೆ ಬಂದಿದ್ದೆ. ಹಾಸ್ಟೆಲಿನ ಹುಡುಗಿಯರಿಗೆ ಒಮ್ಮೆ ತಮ್ಮನ ಹೆಸರು ಹೇಳಿ ವಾರವಿಡೀ ನಗೆಗೀಡಾಗಿದ್ದೆ. ಶಾಲೆಗೆ ಹಾಕಲು ಅವನ ಕೈ ಹಿಡಿದು ಕರೆದೊಯ್ದವಳು ನಾನೇ. ಮಾಸ್ತರರು ರಿಜಿಸ್ಟರ್ ತೆರೆದು ಹೆಸರು ಕೇಳಿದರು. ನಾನು ಬೇರೆ ಹೆಸರು ಹೇಳಿದೆ, ಹಾಸ್ಟೆಲಿನ ಗೋಡೆಯ ಮೇಲಿನ ಹಲಗೆಯಲ್ಲಿ ಓದಿದ್ದ ಒಂದು ಒಳ್ಳೆಯ ಹೆಸರು. ತಮ್ಮ ತಲೆ ಎತ್ತಿ ನನ್ನನ್ನು ನೋಡಿದ. ಮಾಸ್ತರರು ಬರೆದುಕೊಂಡರು. ಮನೆಗೆ ಬಂದು ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮುಚ್ಚಿ ಇಟ್ಟಿದ್ನೆವ್ವಾ ನಾ. ನೀ ತೆರದ ತೋರಿಸಿದಿ."

ಅಷ್ಟು ಅಂದು ಮತ್ತೆ ರೊಟ್ಟಿ ಬಡಿದಳು. ಅವನು ಆಮೇಲೆ ಐವತ್ತೇಳು ವರ್ಷ ಬದುಕಿದ. ಆದರೂ ಆ ಮಾತು ಮನೆಯಲ್ಲಿ ಎಲ್ಲೋ ಇತ್ತು. ಅವ್ವ ಕೊನೆಯ ತನಕ ಅವನನ್ನು ತಿಪ್ಪೆಯ ಹೆಸರಿನಿಂದಲೇ ಕರೆದಳು. ನಾನು ರಿಜಿಸ್ಟರಿನ ಹೆಸರಿನಿಂದ ಕರೆದೆ. ಅವನು ಎರಡಕ್ಕೂ ಓಗೊಡುತ್ತಿದ್ದ.

ಇಲ್ಲಿ ಆ ಎರಡರಲ್ಲಿ ಯಾವುದನ್ನೂ ಬರೆಯುವುದಿಲ್ಲ. ಅವು ಇರಬೇಕಾದ ಕಡೆ ಇವೆ.

ಗುರುವಾರಕ್ಕೆ ಬರುತ್ತೇನೆ. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕಲಬುರಗಿಯಿಂದ ಫೋನು ಬಂತು. ಶಾಲೆಯ ಮಕ್ಕಳಿಗಾಗಿ ಚಿಕ್ಕ ಪುಸ್ತಕಗಳನ್ನು ಅಚ್ಚು ಹಾಕುವವರು. ತಮ್ಮ ನಿವೃತ್ತನಾದ ಮೇಲೆ ಮೂರು ವರ್ಷ ಕೂತು ಮೀನುಗಳ ಹೆಸರಿನ ಬಗ್ಗೆ ಒಂದು ಪುಸ್ತಕ ಬರೆದಿದ್ದ. ಮೊದಲರ್ಧ ಭೀಮಾ ಹೊಳೆಯ ಮೀನು, ಇನ್ನರ್ಧ ಹೊರದೇಶದ್ದು. ಒಂದೊಂದು ಹೆಸರಿನ ಕೆಳಗೆ ಹಾಗೆ ಕರೆಯುವವರು ಯಾರು, ಏಕೆ ಹಾಗೆ ಕರೆಯುತ್ತಾರೆ ಎಂದು ನಾಲ್ಕಾರು ಸಾಲು. ಅದರ ಪ್ರೂಫ್ ಅವನು ಹೋಗುವ ಎರಡು ದಿನ ಮೊದಲು ಬಂದಿತ್ತು.

"ಇವತ್ತ ಸಂಜಿ ಬಸ್ಸಿಗಿ ಪ್ರೂಫ್ ಕಳಸ್ರಿ ಅಕ್ಕೋರ. ನಾಳಿಂದ ಬ್ಯಾರೆ ಕೆಲಸ ಹತ್ತದ, ತಿಂಗಳಾನಗಟ್ಲೆ ಮಷಿನ್ ಖಾಲಿ ಇರಂಗಿಲ್ಲ." ಸ್ವಲ್ಪ ತಡೆದು ಮತ್ತೆ ಕೇಳಿದರು. "ಹೆಸರಿನ ಮುಂದ ದಿವಂಗತ ಅಂತ ಹಾಕಬೇಕೇನ್ರಿ?"

"ನೋಡಿ ಹೇಳ್ತೇನಿ," ಎಂದೆ.

ಲಕೋಟೆ ತಮ್ಮನ ಮೇಜಿನ ಮೇಲೆ ಇತ್ತು. ತೆರೆದೆ. ಅವನು ಭಾನುವಾರ ಕೂತು ಇಡೀ ಪ್ರೂಫ್ ಓದಿ ಪೆನ್ಸಿಲ್ಲಿನಿಂದ ತಿದ್ದಿದ್ದ. ಸಣ್ಣ ತಪ್ಪುಗಳನ್ನು ಬಿಟ್ಟರೆ ದೊಡ್ಡ ಗುರುತು ಮೂರೇ.

ಮೊದಲನೆಯದು ಮುಖಪುಟದಲ್ಲಿ. ತನ್ನ ಹೆಸರನ್ನು, ಎಂದರೆ ನಾನು ಕೊಟ್ಟ ಹೆಸರನ್ನು, ಅಳತೆಪಟ್ಟಿ ಇಟ್ಟು ನೇರ ಗೆರೆಯಿಂದ ಹೊಡೆದು ಹಾಕಿದ್ದ. ಅದರ ಬದಲಿಗೆ ಏನು ಎಂದು ಬರೆದಿರಲಿಲ್ಲ. ಪೆನ್ಸಿಲ್ ಅಲ್ಲಿ ಊರಿ ನಿಂತ ಒಂದು ಚುಕ್ಕೆ ಮಾತ್ರ ಇತ್ತು.

ಎರಡನೆಯದು ಭೀಮಾ ಹೊಳೆಯ ಭಾಗದಲ್ಲಿ, ಹಾವುಮೀನಿನ ಪಕ್ಕದಲ್ಲಿ: "ಮಣ್ಣೂರಿನವರನ್ನು ಇನ್ನೊಮ್ಮೆ ಕೇಳಬೇಕು."

ಮೂರನೆಯದು ನನಗೆ ಗೊತ್ತಿದ್ದ ಪುಟ. ಅಲ್ಲಿ 'ಕೇಟಾ ಸಾಲ್ಮನ್' ಎಂದು ಅಚ್ಚಾಗಿತ್ತು. ಅದರ ಸುತ್ತ ಗೆರೆ ಎಳೆದು ಅಂಚಿನಲ್ಲಿ ಬರೆದಿದ್ದ: "ಅಕ್ಕ ಬದಲಿಸಿದ್ದು. ಮೊದಲಿನಂತೆ ಇರಲಿ."

ಅದು ನಿಜ. ಅವನ ಅಕ್ಷರ ಯಾರಿಗೂ ಓದಲು ಬರುತ್ತಿರಲಿಲ್ಲ, ಆದ್ದರಿಂದ ಪುಸ್ತಕದ ಶುದ್ಧ ಪ್ರತಿ ಬರೆದವಳು ನಾನು. ದಿನಕ್ಕೆ ಎರಡು ಪುಟ, ಮಧ್ಯಾಹ್ನ ಮೂರರಿಂದ ನಾಲ್ಕು. ಆ ಮೀನಿಗೆ ಅವನು ಕೊಟ್ಟ ಹೆಸರು ನಾಯಿ ಸಾಲ್ಮನ್. ಹಳೆಯ ತರಬೇತಿ ಪುಸ್ತಕವೊಂದರ ಚಿತ್ರದ ಕೆಳಗೆ ಆ ಹೆಸರು ಕಂಡ ದಿನದಿಂದ ಅದರ ಬೆನ್ನು ಹತ್ತಿದ್ದ. ಅವನು ಬರೆದದ್ದು ಹೀಗಿತ್ತು:

"ನಾಯಿ ಸಾಲ್ಮನ್. ಉತ್ತರದ ತಣ್ಣನೆಯ ಕಡಲಿನ ಮೀನು. ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡಲು ಹೊಳೆಗೆ ಬಂದು ಅಲ್ಲಿಯೇ ಸಾಯುತ್ತದೆ. ಈ ಹೆಸರಿಗೆ ಎರಡು ಕಾರಣ ಹೇಳುತ್ತಾರೆ. ಹೊಳೆ ಏರುವ ಕಾಲಕ್ಕೆ ಗಂಡಿನ ದವಡೆ ಬಾಗಿ, ನಾಯಿಯದರಂಥ ಹಲ್ಲು ಹೊರಗೆ ಕಾಣುತ್ತವೆ ಎಂಬುದು ಒಂದು. ಹಿಮದ ನಾಡಿನವರು ಇದನ್ನು ಒಣಗಿಸಿಟ್ಟು ಚಳಿಗಾಲಕ್ಕೆ ಬಂಡಿ ಎಳೆಯುವ ನಾಯಿಗಳಿಗೆ ಹಾಕುತ್ತಾರೆ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ಮೊದಲು ಎಂದು ನಾನು ಹೇಳಲಾರೆ. ಇದೇ ಮೀನಿಗೆ ಚಮ್ ಎಂದೂ ಹೆಸರು. ಅಲ್ಲಿನ ಕರಾವಳಿಯ ವ್ಯಾಪಾರದ ಮಾತಿನಲ್ಲಿ ಅದಕ್ಕೆ ಗುರುತು ಇರುವುದು, ಪಟ್ಟೆ ಇರುವುದು ಎಂದು ಅರ್ಥ. ಕೇಟಾ ಎಂದೂ ಹೆಸರು; ಅದು ಏಷ್ಯಾದ ಪೂರ್ವದ ಅಂಚಿನ ಒಂದು ಹೊಳೆಯ ಜನರ ಮಾತು, ಬರೀ ಮೀನು ಎಂದು ಅರ್ಥ. ನಾಯಿ ಎಂದರೆ ಕೊಳ್ಳುವವರಿಲ್ಲವೆಂದು ಅಂಗಡಿಯವರು ಡಬ್ಬಿಯ ಮೇಲೆ ಬೇರೆ ಹೆಸರು ಹಾಕುತ್ತಾರೆ. ಹಿಡಿಯುವವರಲ್ಲಿ ಬಹಳ ಜನ ಈಗಲೂ ನಾಯಿ ಎಂದೇ ಕರೆಯುತ್ತಾರೆ. ಅವರ ಮನೆಯಲ್ಲಿ ಮನುಷ್ಯರೂ ಅದನ್ನು ತಿನ್ನುತ್ತಾರೆ."

ಒಂದು ಸಂಜೆ ಇದನ್ನು ನಮಗೆ ಓದಿ ಹೇಳಿದ್ದ. ಅವ್ವ ಬಳ್ಳೊಳ್ಳಿ ಸುಲಿಯುತ್ತಿದ್ದಳು.

"ಸಣ್ಣ ಮಕ್ಕಳ ಪುಸ್ತಕದಾಗ ನಾಯಿ ಅಂತ ಹ್ಯಾಂಗ ಹಾಕ್ತಿ?" ಎಂದು ನಾನು ಕೇಳಿದೆ. "ಒಬ್ಬರನ್ನೊಬ್ಬರು ಅದ ಅಂದು ಕಾಡ್ತಾವ. ಕೇಟಾ ಅಂತ ಹಾಕು."

"ಕಾಡ್ಲಿ ಬಿಡಕ್ಕಾ. ಕಾಡಸ್ಕೊಂಡ್ರ ಮೀನೇನ್ ಸಾಯ್ತದ?"

"ಓದಿದವ ನೀ, ಜರಾ ಶುದ್ಧ ಇರ್ಬೇಕು."

ಅವ್ವ ಸಿಪ್ಪೆ ಊದಿ ಹಾರಿಸಿ ಕೇಳಿದಳು. "ಆ ನಾಯಿಮೀನ ಇನ್ನಾ ಉಳದದೇನ ಹೊಳ್ಯಾಗ?"

"ಉಳದದವ್ವಾ."

"ಮತ್ತ ಯಾಕ ತಿದ್ದತೀರಿ ಅದಕ್ಕ."

ತಮ್ಮ ನಕ್ಕ. ಮರುದಿನ ಮೂರು ಗಂಟೆಗೆ ಆ ಪುಟ ಬರೆಯುವಾಗ ನಾನು ಅವನನ್ನು ಕೇಳದೆ, ಮೇಲೆ 'ಕೇಟಾ ಸಾಲ್ಮನ್' ಎಂದು ಹಾಕಿ, ನಾಯಿಯ ಕಾರಣಗಳನ್ನು ಒಂದು ಸಾಲಿಗೆ ಇಳಿಸಿ ಕೆಳಗೆ ಸೇರಿಸಿದೆ. ಅಂಥ ಕೆಲಸ ನನಗೆ ಹೊಸದಲ್ಲ.

ಪ್ರೂಫ್ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ತಮ್ಮನ ಹೆಂಡತಿ ಜೋಳದ ಹಿಟ್ಟು ಸಾಣಿಸುತ್ತಿದ್ದಳು. ಮುಖಪುಟ ತೋರಿಸಿ, "ಇಲ್ಲಿ ಯಾವ ಹೆಸರು ಹಾಕೋಣು? ನಿನಗ ಏನರ ಹೇಳಿದ್ನೇನು?" ಎಂದು ಕೇಳಿದೆ.

ಅವಳು ಹಾಳೆಯನ್ನು ನೋಡಿದಳು, ಮುಟ್ಟಲಿಲ್ಲ. "ನನಗೇನ್ ಕೇಳ್ತೀರಿ ಅಕ್ಕಾರ? ನಾ ಯಾವತ್ತರ ಹೆಸರ್ಲೆ ಕರದೀನೇನು? ಏನ್ರಿ, ಬರ್ರಿ, ಉಣ್ಣ ಬರ್ರಿ. ಮೂವತ್ತೈದು ವರ್ಷ ಅಷ್ಟ."

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಅವಳು ಎರಡರಲ್ಲಿ ಒಂದನ್ನೂ ಬಾಯಿಂದ ಆಡಿರಲಿಲ್ಲ.

"ಪೆನ್ಶನ್ ಕಾಗದದಾಗ ಇರೂದ ಹಾಕ್ರಿ," ಎಂದಳು. ಆಮೇಲೆ ಸಾಣಿಗೆ ಕೆಳಗಿಟ್ಟು, "ಆ ಹೊಳಿಯವರು ಒಬ್ಬರರ ಬಂದ್ರೇನ್ರಿ? ಮನಿ ಊಟ ಬಿಟ್ಟು ಅವರ ಕಡೀನ ಇರ್ತಿದ್ರು. ಇಷ್ಟ ನೋಡ್ರಿ ಮಂದಿ," ಎಂದಳು.

ನಾನು ಗಡಿಯಾರ ನೋಡಿದೆ. ಹತ್ತಕ್ಕೆ ಇಪ್ಪತ್ತು ನಿಮಿಷ ಕಡಿಮೆ. ಮುಖಪುಟದ ವಿಷಯ ಬಗೆಹರಿಯಲಿಲ್ಲ. ಆದರೆ ಹಾವುಮೀನಿನ ಬಗ್ಗೆ ಅವನು ಬರೆದಿದ್ದ ಕೆಲಸ ಸ್ಪಷ್ಟವಿತ್ತು. ಸ್ಪಷ್ಟವಿದ್ದದ್ದನ್ನು ಮೊದಲು ಮಾಡುವುದು ನನ್ನ ಪದ್ಧತಿ. ಪ್ರೂಫನ್ನು ಚೀಲಕ್ಕೆ ಹಾಕಿ, ನೀರಿನ ಬಾಟಲಿ ತೆಗೆದುಕೊಂಡು, ಹತ್ತೂ ಕಾಲಿನ ಬಸ್ಸು ಹಿಡಿದೆ.

ಬಸ್ಸು ಕರಜಗಿಯಲ್ಲಿ ಬಹಳ ಹೊತ್ತು ನಿಂತಿತು. ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದಿತ್ತು. ಸುತ್ತಲಿನವರು ಚಾಲಕನನ್ನು ಬೈಯುತ್ತಿದ್ದರು. ನಾನು ಕಿಟಕಿಯ ಸರಳು ಎಣಿಸಿದೆ. ಮುಂದೆ ಮಣ್ಣೂರು. ತಮ್ಮ ಸೇವೆಯ ಮೊದಲ ಭಾಗವನ್ನು ಜೇವರ್ಗಿ ಕಡೆ ಕಳೆದು, ಆಮೇಲಿನ ಇಪ್ಪತ್ತು ವರ್ಷ ಈ ದಂಡೆಯಲ್ಲೇ ಓಡಾಡಿದ. ಹೊಳೆಗೆ ಬಿಡುವ ಮೀನುಮರಿಗಳ ಕೆಲಸ. ನಾವು ಮೀನು ಮುಟ್ಟುವವರಲ್ಲ. ಬೀಗರು ಅವನನ್ನು ಕಂಡಾಗಲೆಲ್ಲ ಮೂಗು ಹಿಡಿದು ನಗುತ್ತಿದ್ದರು. ಸಂಜೆ ಬಂದ ಕೂಡಲೇ ಅವನು ಹಿತ್ತಿಲಲ್ಲಿ ಕೂಡಬೇಕು, ಅವ್ವ ತಾನೇ ತಂಬಿಗೆಯಿಂದ ಕೈಕಾಲಿಗೆ ನೀರು ಸುರಿಯಬೇಕು, ಲಿಂಬೆಹಣ್ಣು ತಿಕ್ಕಿಕೊಂಡ ಮೇಲೆಯೇ ಒಳಗೆ. "ನಿನ್ನ ಮೀನ ಹೊಸ್ತಿಲಾ ದಾಟಬಾರ್ದು ನೋಡು," ಎಂದು ದಿನಾ ಅನ್ನುತ್ತಿದ್ದಳು. ಆದರೆ ಒಂದು ದಿನವೂ ತಂಬಿಗೆಯನ್ನು ಸೊಸೆಯ ಕೈಗೆ ಕೊಡಲಿಲ್ಲ.

ಮಣ್ಣೂರಿನಲ್ಲಿ ಇಳಿದು ಹೊಳೆಯ ಕಡೆ ನಡೆದೆ. ಜಾಲಿಯ ನೆರಳಲ್ಲಿ ಒಬ್ಬ ಹಿರಿಯರು ಬಲೆ ಹೆಣೆಯುತ್ತಾ ಕುಳಿತಿದ್ದರು. ವಯಸ್ಸಿನಲ್ಲಿ ತಮ್ಮನಿಗಿಂತ ಸ್ವಲ್ಪ ದೊಡ್ಡವರು. ನಾನು ಬಂದ ಕಾರಣ ಹೇಳಿ, ಅವನ ಹೆಸರು ಹೇಳಿದೆ, ರಿಜಿಸ್ಟರಿನದು.

"ಆ ಹೆಸರಿನವರ ಯಾರನ್ನೂ ಅರಿಯೆನ್ರಿ ಯವ್ವಾ," ಎಂದರು.

"ಮೀನುಗಾರಿಕೆ ಇಲಾಖೆಯಲ್ಲಿ ಇದ್ದರು. ಮೀನುಮರಿ ತರ್ತಿದ್ರು. ನಾನು ಅವರ ಅಕ್ಕ."

ಅವರು ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಒಂದು ಹೆಸರು ಹೇಳಿದರು. ಅದು ತಿಪ್ಪೆಯ ಹೆಸರು. ಹಾಸ್ಟೆಲಿನ ಆ ಹುಡುಗಿಯರನ್ನು ಬಿಟ್ಟರೆ, ನಮ್ಮ ಮನೆಯ ಹೊರಗೆ, ಕಿಣ್ಣಿ ಸುಲ್ತಾನದ ಆಚೆ, ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಅವರ ಅಕ್ಕೋರ ಏನ್ರಿ ನೀವು? ಸಾಲಿ ಅಕ್ಕೋರ? ಕೂಡ್ರಿ, ಕೂಡ್ರಿ. ಎಲ್ಲ್ಯದಾರ ಅವರು? ಎರಡ ವಾರ ಆತು ಈ ಕಡಿ ಹಾಯ್ದಿಲ್ಲ. ಹಾವುಮೀನಿಂದ ಏನೋ ಕೇಳೂದದ ಅಂದಿದ್ರು."

ಅವರಿಗೆ ಗೊತ್ತಿರಲಿಲ್ಲ. ಹೇಳಬೇಕಾದದ್ದು ನಾನೇ.

"ಅವನನ್ನ ಮಣ್ಣು ಮಾಡಿ ಒಂಬತ್ತು ದಿನ ಆತ್ರಿ," ಎಂದೆ.

ಅವರು ಬಲೆಯನ್ನು ಮೊಣಕಾಲಿನಿಂದ ಕೆಳಗಿಳಿಸಿದರು. ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು.

"ಪೇಪರಿನಾಗ ಬಂದಿತ್ತಂತ ನನ್ನ ಮಗ ಓದಿದ್ನರಿ," ಎಂದರು ಕೊನೆಗೆ. "ಮೀನಿನ ಖಾತಿಯವರು ಯಾರೋ ಹೋದ್ರು ಅಂತ. ಹೆಸರ ಹೇಳ್ದ. ಬ್ಯಾರೆ ಯಾರೋ ಸಾಹೇಬ್ರ ಇರ್ಬೇಕು ಅಂದ್ವಿ. ಮಧ್ಯಾನ ಬಲಿ ಹಾಕಾಕ ಹೋದ್ವಿ ನಾವು."

ನಾನು ಬರೆದ ನಾಲ್ಕು ಸಾಲು. ಒಂದೂ ತಪ್ಪಿಲ್ಲದ್ದು.

"ಕಾಗದಕ್ಕ ಸಹಿ ಮಾಡ್ತಿದ್ನಲ್ರಿ ಅವನು," ಎಂದೆ. "ಅದರಾಗ ಇತ್ತಲ್ಲ ಹೆಸರು."

"ಅವರ ಸಹಿ ಓದಾಕ ಯಾರಿಗಿ ಬರ್ತದರಿ ಅಕ್ಕೋರ?"

ಆಮೇಲೆ ಅವರೇ ಹೇಳಿದರು. ಮೊದಲ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದವನನ್ನು ಕಂಡು ಇವರೆಲ್ಲ ಎದ್ದು ನಿಂತರಂತೆ. ಅವನು ದಂಡೆಯ ಮೇಲೆ ಕುಳಿತು, ತನ್ನನ್ನು ತಿಪ್ಪೆಯಿಂದ ಒಂದು ಹಿಡಿ ನುಚ್ಚಿಗೆ ಕೊಂಡದ್ದು, ತನ್ನ ಹೆಸರು ಇದು ಎಂದು ಹೇಳಿದನಂತೆ. "ನಮ್ಮ ಓಣ್ಯಾಗೂ ಇಬ್ಬರು ಅದಾರ್ರಿ ಆ ಹೆಸರಿನವರು. ನಕ್ಕೋತ ಕುಂತ್ವಿ. ಅವತ್ತಿಂದ ಸಾಹೇಬ್ರು ಅಂದ್ರ ಬೈತಿದ್ರು. ನಮ್ಮ ಮನ್ಯಾಗ ರೊಟ್ಟಿ, ಉಳ್ಳಾಗಡ್ಡಿ, ಕಾರ ತಿಂತಿದ್ರು. ಮೀನ ಮಾತ್ರ ಇಪ್ಪತ್ತ ವರ್ಷದಾಗ ಒಂದ ತುಣುಕ ಬಾಯಾಗ ಇಡಲಿಲ್ಲ. ನಮ್ಮ ಹುಡುಗ್ರು ಕಾಡ್ತಿದ್ರು, ರುಚಿ ಅರಿಯದವ ಹೆಸರ ಬರ್ಯಾಕತ್ತಾನ ಅಂತ."

ನಾನು ಪ್ರೂಫ್ ತೆಗೆದೆ. ಬಂದ ಕೆಲಸ ಆಗಬೇಕಿತ್ತು. ಹಾವುಮೀನಿನ ಸಾಲು ಓದಿ ಹೇಳಿದೆ.

"ಖರೆ ಅದರಿ. ಹೊಳ್ಯಾಗ ನಮಗ ಹಾವುಮೀನ. ಸೊಲ್ಲಾಪುರ ಬಾಜಾರಕ್ಕ ಹೋದ್ರ ವಾಂಬ ಅಂತಾರ. ಅಲ್ಲಿ ಹಾವು ಅಂದ್ರ ಯಾರ ತಗೋತಾರ? ಎರಡೂ ಹಾಕ್ರಿ. ಹಾವು ಮದಲ ಹಾಕ್ರಿ." ಸೂಜಿಯ ದಾರವನ್ನು ಹಲ್ಲಿನಿಂದ ಕಡಿದು ಮತ್ತೆ ಹೇಳಿದರು. "ಹಿಮದ ದೇಶದಾಗ ಒಂದ ನಾಯಿಮೀನ ಅದ ಅಂತ ಹೇಳಿದ್ರು ಅವರು. ನಿಮ್ಮ ಹಾವು, ಅವರ ನಾಯಿ, ನಾ ತಿಪ್ಪಿ, ಮೂವರೂ ಒಂದ ಮನಿಯವರು ಅಂದು ನಗಿಸಿದ್ರು. ಅದನ್ನ ಪುಸ್ತಕದಾಗ ಹಾಕ್ಯಾರೇನ್ರಿ?"

"ಹಾಕ್ಯಾನ," ಎಂದೆ. ನಾನು ತೆಗೆದದ್ದನ್ನು ಹೇಳಲಿಲ್ಲ.

ಹಾವುಮೀನಿನ ಪಕ್ಕದಲ್ಲಿ 'ವಾಂಬ' ಎಂದು ಬರೆದು, ಅವನ ಪೆನ್ಸಿಲ್ ಗುರುತಿಗೆ ಸರಿ ಚಿಹ್ನೆ ಹಾಕಿದೆ. ಒಂದು ಗಂಟೆಯ ಬಸ್ಸಿಗೆ ಹೊರಟು ನಿಂತಾಗ ಅವರು, "ತಡೀರಿ ಅಕ್ಕೋರ," ಎಂದು ಊರೊಳಗೆ ಹೋದರು. ಬಿಳಿಯ ಅಂಗಿ ಹಾಕಿಕೊಂಡು, ಇನ್ನಿಬ್ಬರನ್ನು ಕರೆದುಕೊಂಡು ಬಂದರು. ನಾಲ್ವರೂ ಒಂದೇ ಬಸ್ಸಿನಲ್ಲಿ ಬಂದೆವು. ದಾರಿಯಲ್ಲಿ ನಾನು ಮನಸ್ಸಿನಲ್ಲಿ ಆ ಪಟ್ಟಿಯ ಮೂರನೆಯ ಕೆಲಸವನ್ನು, ನಿಧನ ವಾರ್ತೆಯನ್ನು, ಮತ್ತೆ ಮತ್ತೆ ಓದಿಕೊಂಡೆ. ಅದರ ಮುಂದೆ ಆಗಿದೆ ಎಂದು ಗುರುತು ಹಾಕಿದ್ದೆ. ಏನೂ ಅನ್ನಿಸಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಇರುತ್ತದಲ್ಲ, ಹಾಗಿತ್ತು.

ಎರಡೂವರೆಗೆ ಮನೆ ಮುಟ್ಟಿದೆವು. ಅವ್ವ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು, ತಮ್ಮ ಕೂತಿದ್ದ ಕಡೆ. ಹೆಜ್ಜೆಯ ಸಪ್ಪಳ ಎಣಿಸಿದಳೋ ಏನೋ, ತಲೆ ಎತ್ತಿದಳು.

"ಯಾರು?"

ಮಣ್ಣೂರಿನ ಹಿರಿಯರು ಚಪ್ಪಲಿ ಬಿಟ್ಟು ಮುಂದೆ ಬಂದರು. ತಾವು ಮೂವರು ಹೊಳೆಯ ಮಂದಿ ಎಂದರು. ತಮ್ಮನ ಹೆಸರು ಹೇಳಿ, ಅವರ ಜೋಡಿ ಇದ್ದವರು ಎಂದರು. ಅವರಿಗೆ ಗೊತ್ತಿದ್ದದ್ದು ಒಂದೇ ಹೆಸರು.

ಅವ್ವ ಕೈಯನ್ನು ಗಾಳಿಯಲ್ಲಿ ಚಾಚಿದಳು. ಅವರು ಕುಳಿತು ಆ ಕೈ ಹಿಡಿದುಕೊಂಡರು.

"ಹಾಂಗ ಕರೀತಿದ್ರೇನಪ್ಪಾ ಅವಂಗ?"

"ಹೌದ್ರಿ ಯವ್ವಾ. ಇಪ್ಪತ್ತ ವರ್ಷ. ಬ್ಯಾರೆ ಹೆಸರ ಅದ ಅಂತ ಇವತ್ತ ತಿಳೀತು."

"ಮಣ್ಣಿಗಿ ಯಾಕ ಬರಲಿಲ್ಲ?"

ಅವರು ನನ್ನ ಕಡೆ ನೋಡಿದರು. ನನ್ನನ್ನು ಬಿಟ್ಟುಕೊಡುವ ಮನಸ್ಸು ಅವರಿಗಿರಲಿಲ್ಲ. ನಾನೇ ಹೇಳಿದೆ.

"ಪೇ‌ಪರಿನಾಗ ನಾ ಕೊಟ್ಟ ಹೆಸರು ಹಾಕಿಸಿದ್ನೆವ್ವಾ. ಇವರಿಗಿ ಗುರ್ತ ಸಿಗಲಿಲ್ಲ."

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವ್ವ, "ತಂಬಗಿ ತಗೊಂಡು ಬಾ," ಎಂದಳು ನನಗೆ. ಒಂಬತ್ತು ದಿನದ ಮೇಲೆ ನನಗೆ ಹೇಳಿದ ಮೊದಲ ಮಾತು. ತಂಬಿಗೆ ತಂದುಕೊಟ್ಟೆ. ಅವಳು ನನ್ನ ಭುಜ ಹಿಡಿದು ಹಿತ್ತಿಲಿಗೆ ನಡೆದು, ಮೂವರ ಕೈಕಾಲಿಗೂ ತಾನೇ ನೀರು ಹಾಕಿದಳು. ಅರ್ಧ ನೀರು ನೆಲಕ್ಕೆ ಹೋಯಿತು. ಲಿಂಬೆಹಣ್ಣಿನ ಮಾತು ಎತ್ತಲಿಲ್ಲ.

ಅವರು ಒಳಗೆ ಕುಳಿತು ಉಂಡರು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾದ ಹಿಂಡಿ. ಅವ್ವ ಅವರ ಜೊತೆ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿಂದಳು. ಗೋರಿಯ ಕಡೆ ಹೋಗಿ ಬರುತ್ತೇವೆ ಎಂದು ನಾಲ್ಕಕ್ಕೆ ಅವರು ಎದ್ದರು. ದಾರಿ ತೋರಿಸಲು ತಮ್ಮನ ಹೆಂಡತಿ ಹೋದಳು.

ನಾನು ಮೇಜಿಗೆ ಕುಳಿತೆ. ಮೊದಲು ಮೂರನೆಯ ಗುರುತು. 'ಕೇಟಾ ಸಾಲ್ಮನ್' ಎಂಬುದನ್ನು ಹೊಡೆದು 'ನಾಯಿ ಸಾಲ್ಮನ್' ಎಂದು ಬರೆದೆ. ನಾನು ಕಿತ್ತು ಹಾಕಿದ್ದ ಸಾಲುಗಳನ್ನು ಅವನ ಹಸ್ತಪ್ರತಿ ನೋಡಿ ಬೇರೆ ಹಾಳೆಯಲ್ಲಿ ಪೂರ್ತಿ ಬರೆದು ಅಂಟಿಸಿದೆ. ಒಂದು ಶಬ್ದವನ್ನೂ ತಿದ್ದಲಿಲ್ಲ. ಆಮೇಲೆ ಮುಖಪುಟ ತೆಗೆದು ಅವ್ವನ ಹತ್ತಿರ ಹೋಗಿ ಕುಳಿತೆ.

"ಪುಸ್ತಕದ ಮ್ಯಾಲ ನೀ ಇಟ್ಟ ಹೆಸರು ಹಾಕ್ತೇನವ್ವಾ," ಎಂದೆ. "ನಂದು ಅವನ ಹೊಡದು ಹಾಕ್ಯಾನ."

ಅವ್ವ ಸ್ವಲ್ಪ ಯೋಚಿಸಿದಳು.

"ನಿಂದೂ ಇರ್ಲಿ ಬಿಡು," ಎಂದಳು. "ಪೆನ್ಶನ್ ಕೊಟ್ಟದ ಅದು. ಕೆಳಗ ಹಾಕು. ಸಣ್ಣಗ."

ಹಾಗೇ ಮಾಡಿದೆ. ಅವನ ಪೆನ್ಸಿಲ್ ನಿಂತ ಚುಕ್ಕೆಯಿಂದ ಶುರುಮಾಡಿ ತಿಪ್ಪೆಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಾನು ಕೊಟ್ಟದ್ದು. ದಿವಂಗತ ಎಂದು ಹಾಕಲಿಲ್ಲ. ತಿಪ್ಪೆಯ ಹೆಸರನ್ನು ನನ್ನ ಕೈಯಿಂದ ಬರೆದದ್ದು ಅದೇ ಮೊದಲ ಸಲ. ಅಕ್ಷರ ಚೆನ್ನಾಗಿ ಬಂತು.

ಆರೂ ಕಾಲಿಗೆ ಲಕೋಟೆ ಅಂಟಿಸಿ, ಮೇಲೆ ವಿಳಾಸ ಬರೆದು, ಬಸ್ ಸ್ಟ್ಯಾಂಡಿಗೆ ಹೋಗಿ ಕಲಬುರಗಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ಮಣ್ಣೂರಿನವರು ಅಲ್ಲಿಯೇ ತಮ್ಮ ಬಸ್ಸಿಗೆ ಕಾಯುತ್ತಾ ನಿಂತಿದ್ದರು. ಪುಸ್ತಕ ಬಂದ ಮೇಲೆ ಕಳಿಸಿಕೊಡುತ್ತೇನೆಂದೆ. "ಓದಿ ಹೇಳಾಕ ನೀವ ಬರ್ರಿ ಅಕ್ಕೋರ," ಎಂದರು ಹಿರಿಯರು. ಬರುತ್ತೇನೆ ಎಂದೆ.

ಮನೆಗೆ ಬಂದು ಕೈಕಾಲು ತೊಳೆದೆ. ಕ್ಯಾಲೆಂಡರಿನ ಹಾಳೆ ತೆಗೆದು ಮೂರನೆಯ ಕೆಲಸದ ಮುಂದಿನ ಗುರುತನ್ನು ಅಳಿಸಿದೆ. ಏಳೂವರೆಗೆ ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಲಗಣ್ಣಿಗೆ ಒಂದು ಹನಿ, ಎಡಗಣ್ಣಿಗೆ ಒಂದು ಹನಿ ಔಷಧ ಹಾಕಿದೆ. ಅವಳು ರೆಪ್ಪೆ ಮುಚ್ಚಿಕೊಂಡು ಹಾಗೇ ಮಲಗಿದಳು. ಹತ್ತಿಯಿಂದ ಒರೆಸಿ, ಬಾಟಲಿಯ ಮುಚ್ಚಳ ಬಿಗಿಮಾಡಿ, ಗೂಡಿನಲ್ಲಿ ಇಟ್ಟೆ.